ಕಾಲಿಲ್ಲದ ಜಪಾನಿ ಕುದುರೆ

ನಮ್ಮ ಮನೆಯ ದೇವರ ಗೋಡೆಯ ಮೇಲೆ ಈ ವರ್ಷ ಲಕ್ಷ್ಮಿ ಇಲ್ಲ. ಪ್ರತಿವರ್ಷ ಕಿರಾಣಿ ಅಂಗಡಿಯವನು ಕೊಡುವ ಕ್ಯಾಲೆಂಡರಿನಲ್ಲಿ ಆಕೆ ಬಂದು, ಕೆರೆಯ ನಡುವೆ ಕಮಲದ ಮೇಲೆ ನಿಂತು, ಸೀರೆಯ ಅಂಚು ಒಂದಿಷ್ಟೂ ತೋಯಿಸಿಕೊಳ್ಳದೆ ಡಿಸೆಂಬರ್ ತನಕ ನಮ್ಮನ್ನು ನೋಡಿ ನಗುತ್ತಿದ್ದಳು. ಆಕೆಯ ಕೈಯಿಂದ ಸುರಿಯುವ ನಾಣ್ಯಗಳಲ್ಲಿ ಒಂದಾದರೂ ಕ್ಯಾಲೆಂಡರಿನಿಂದ ಆಚೆ ಬಿದ್ದದ್ದನ್ನು ನಾನು ಕಾಣೆ. ಈ ವರ್ಷ ಅದೇ ಮೊಳೆಗೆ ಜಪಾನಿನ ಪ್ರಾಣಿಗಳು ನೇತಾಡುತ್ತಿವೆ. ಅವೂ ಏನೂ ಸುರಿಸುವುದಿಲ್ಲ, ಆದರೆ ಸುರಿಸುತ್ತೇವೆಂದು ಆಸೆಯನ್ನಂತೂ ತೋರಿಸುವುದಿಲ್ಲ.

ಇದು ನಾರಾಯಣಪೇಟೆಗೆ ಹೇಗೆ ಬಂತು ಎನ್ನುತ್ತೀರಾ? ನನ್ನ ಅಳಿಯ ಮಕ್ತಲಿನ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದಾನೆ. ಆ ಗಿರಣಿಗೆ ಜಪಾನಿನಿಂದ ಒಂದು ಮಷೀನು ಬಂತಂತೆ. ಅಕ್ಕಿಯಲ್ಲಿ ಕಪ್ಪು ಕಾಳು ಇದ್ದರೆ ಅದನ್ನು ಗುರುತು ಹಿಡಿದು ಊದಿ ಆಚೆ ಉಗುಳುತ್ತದಂತೆ. ಮಷೀನಿನ ಜೊತೆ ಬಂದವರು ಈ ಕ್ಯಾಲೆಂಡರು ಕೊಟ್ಟು ಹೋದರು. ಅಳಿಯನ ಮನೆಯಲ್ಲಿ ಗೋಡೆ ಖಾಲಿ ಇರಲಿಲ್ಲ. ಅವನ ಮನೆಯಲ್ಲಿ ಜಾಗ ಇಲ್ಲದ್ದೆಲ್ಲ ನಮ್ಮ ಮನೆಗೆ ಪ್ರೀತಿಯಿಂದ ಬರುತ್ತದೆ. ಹೋದ ವರ್ಷ ತೂತು ಬಿದ್ದ ಕೂಲರು ಬಂದಿತ್ತು.

ನೋಡಿದರೆ ಅದರಲ್ಲಿ ಏಕಾದಶಿ ಇಲ್ಲ, ಸಂಕಷ್ಟಿ ಇಲ್ಲ. ಅಮಾವಾಸ್ಯೆ ಕೂಡ ಇಲ್ಲ. ಅಮಾವಾಸ್ಯೆ ದಿನ ಮಗ್ಗಕ್ಕೆ ರಜೆ ಕೊಡುವ ನಮ್ಮಂಥ ನೇಕಾರರು ಇಂಥದ್ದನ್ನು ತೂಗುಹಾಕಿಕೊಂಡು ಏನು ಮಾಡಬೇಕು? ಕೆಂಪಕ್ಷರದ ರಜೆಗಳು ಇವೆ, ಆದರೆ ಆ ದಿನ ನಮ್ಮೂರಲ್ಲಿ ಏನೂ ಇರುವುದಿಲ್ಲ. ನನ್ನ ಮಗ ನಾಗಪ್ಪ ಮಾತ್ರ ಜಪಾನಿನ ಯಾವುದೋ ಹಬ್ಬಕ್ಕೆ ಮರ್ಯಾದೆ ಕೊಟ್ಟು ಒಂದು ಮಧ್ಯಾಹ್ನ ಮಗ್ಗ ಬಿಟ್ಟು ಮಲಗಿದ.

ತಿಂಗಳಿಗೊಂದು ಹಾಳೆ, ಹಾಳೆಗೊಂದು ಪ್ರಾಣಿ. ಮೊಮ್ಮಗಳು ರೂಪಾ ಡಿಗ್ರಿ ಕಾಲೇಜಿಗೆ ಹೋಗುತ್ತಾಳೆ, ಫೋನಿನಲ್ಲಿ ಎಲ್ಲವನ್ನೂ ಕೆದಕುತ್ತಾಳೆ. ಇವೆಲ್ಲ ಹಳೆಯ ಕಾಲದ ರಾಜರ ಚಿತ್ರಗಳಲ್ಲ, ಈಗಿನ ಕಾಲದ ಜಪಾನಿನವರು ಬರೆದವು ಎಂದು ಅವಳೇ ಹೇಳಿದ್ದು. ಬರೆದವರು ಹೊಸಬರು, ಬರೆಯುವ ರೀತಿ ಹಳೆಯದು. ಬಣ್ಣದ ಕಲ್ಲನ್ನು ಕುಟ್ಟಿ ಪುಡಿ ಮಾಡಿ, ದನದ ತೊಗಲು ಕುದಿಸಿದ ಅಂಟಿನಲ್ಲಿ ಕಲಸಿ ಬಳಿಯುತ್ತಾರಂತೆ. ನಾವು ನೂಲಿಗೆ ಗಂಜಿ ಹಾಕುವುದಿಲ್ಲವೇ, ಹಾಗೆ. ಪಾಪ, ಬದುಕಿದ್ದಾಗ ಗಾಡಿ ಎಳೆದ ದನ ಸತ್ತ ಮೇಲೆ ಚಿತ್ರದಲ್ಲಿ ಬೆಕ್ಕಾಗಿ ಮೆತ್ತಗೆ ಮಲಗುತ್ತದೆ. ಇದಕ್ಕಿಂತ ಒಳ್ಳೆಯ ಪುನರ್ಜನ್ಮ ನಮ್ಮ ಸ್ವಾಮಿಗಳು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ನನಗೆ ಚಿತ್ರದ ಪ್ರಾಣಿಗಳ ಜೊತೆ ಹಳೆಯ ಲಡಾಯಿ ಇದೆ. ನನ್ನ ತವರು ನಾರ್ವ ಎಂಬ ಹಳ್ಳಿ. ಅಲ್ಲಿನ ಶಾಲೆಯಲ್ಲಿ ಎರಡನೇ ತರಗತಿಯವರೆಗೆ ಕೂತೆದ್ದು ಬಂದೆ, ಓದಿದೆ ಎನ್ನಲಾರೆ. ಪುಸ್ತಕದಲ್ಲಿ ಆನೆಯ ಚಿತ್ರ ಇತ್ತು. ನಾರ್ವದಲ್ಲಿ ಆನೆ ಯಾರು ಕಂಡಿದ್ದರು? ಮಾಸ್ತರರೂ ಕಂಡಿರಲಿಲ್ಲ ಎಂದು ನನ್ನ ಗುಮಾನಿ. ಚಿತ್ರದಲ್ಲಿ ಅದು ನನ್ನ ಹೆಬ್ಬೆರಳಿನಷ್ಟಿತ್ತು. ಪಕ್ಕದ ಪುಟದ ಇಲಿಯೂ ಅಷ್ಟೇ ಇತ್ತು. ಹೀಗಾಗಿ ಆನೆ ಎಂದರೆ ಮೂಗು ಜೋತುಬಿದ್ದ ಒಂದು ಜಾತಿಯ ಇಲಿ ಎಂದು ತಿಳಿದು ಬಹಳ ವರ್ಷ ನೆಮ್ಮದಿಯಿಂದಿದ್ದೆ. ಮದುವೆಯಾದ ಹೊಸದರಲ್ಲಿ ಗಂಡ ನನ್ನನ್ನು ಗದ್ವಾಲಕ್ಕೆ ಕರೆದುಕೊಂಡು ಹೋದಾಗ ಅಲ್ಲಿ ಸರ್ಕಸ್ಸಿನವರ ಆನೆ ನಿಂತಿತ್ತು. ಇಷ್ಟು ದೊಡ್ಡ ಇಲಿಗೆ ಏನು ತಿನ್ನಿಸುತ್ತಾರೆ ಎಂದು ಆತನನ್ನು ಕೇಳಿದೆ. ಆತ ನಾರಾಯಣಪೇಟೆ ಮುಟ್ಟುವ ತನಕ ಮಾತಾಡಲಿಲ್ಲ. ಆಮೇಲೆ ಸಾಯುವ ತನಕ ಅದೊಂದೇ ಮಾತಾಡಿದ.

ಇನ್ನೊಂದು ಪ್ರಾಣಿ ನನ್ನ ಎಡಗೈ ಮೇಲಿದೆ. ಚಿಕ್ಕವಳಿದ್ದಾಗ ಹಚ್ಚೆಯವಳು ಹಾಕಿದ ಚೇಳು. ಹಾಕಿದಾಗ ಅದು ತೆಳ್ಳಗೆ, ಕೊಂಡಿ ಎತ್ತಿಕೊಂಡು ಬಹಳ ಸೊಗಸಾಗಿತ್ತು. ನಾನು ದಪ್ಪಗಾದಂತೆ ಅದೂ ದಪ್ಪಗಾಯಿತು, ಈಗ ನನ್ನ ಜೊತೆಗೇ ಸುಕ್ಕಾಗಿ ಮುದುರಿ ಕೂತಿದೆ. ರೂಪಾ ಮಗುವಾಗಿದ್ದಾಗ ಇದನ್ನು ಬೆಂಡೆಕಾಯಿ ಎಂದು ಕರೆಯುತ್ತಿದ್ದಳು. ಬರೆದ ಪ್ರಾಣಿಗೂ ಮುಪ್ಪು ಬರುತ್ತದೆ ಎಂದು ಹಚ್ಚೆಯವಳು ನನಗೆ ಹೇಳಿರಲಿಲ್ಲ.

ಇರಲಿ, ಜಪಾನಿಗೆ ಬರುತ್ತೇನೆ. ಜನವರಿಯ ಹಾಳೆಯಲ್ಲಿ ಒಂದು ಬಿಳಿ ಬೆಕ್ಕು. ಶುಕ್ರವಾರ ನಾನು ಪೂಜೆ ಮುಗಿಸಿ ಗೋಡೆಯ ಮೇಲಿನ ದೇವರಿಗೆಲ್ಲ ಕುಂಕುಮ ಹಚ್ಚುತ್ತಾ ಬಂದೆ. ಬೀರಪ್ಪನಿಗೆ ಹಚ್ಚಿದೆ, ಮೈಲಾರಲಿಂಗನಿಗೆ ಹಚ್ಚಿದೆ, ಪಕ್ಕದಲ್ಲಿ ಬೆಳ್ಳಗೆ ಯಾರೋ ಕೂತಿದ್ದರು, ಅವರಿಗೂ ಹಣೆ ನೋಡಿ ಹಚ್ಚಿದೆ. ಹಿಂದಿನಿಂದ ಸೊಸೆ ಮಾದೇವಿ ನೋಡುತ್ತಾ ನಿಂತಿದ್ದಳು. ಅಷ್ಟರಲ್ಲಿ ಪಕ್ಕದ ಮನೆಯ ತೆಲುಗಿನವಳು ಮೊಸರಿಗೆ ಹೆಪ್ಪು ಕೇಳಲು ಬಂದವಳು ನಿಂತು, “ಏಂದಮ್ಮಾ ಇದಿ, ಪಿಲ್ಲಿಕಿ ಬೊಟ್ಟಾ?” ಎಂದಳು. ಬೆಕ್ಕಿಗೆ ಕುಂಕುಮವೇ ಎಂದು ಕೇಳಿದಾಗ ತಾನೇ ನನಗೆ ಅದು ಬೆಕ್ಕು ಎಂದು ಗೊತ್ತಾಗಿದ್ದು. ಆದರೆ ನಾನು ಸೋಲುವವಳಲ್ಲ.

“ಯಾಕ, ಬೆಕ್ಕು ಮುತ್ತೈದಿ ಅಲ್ಲೇನು?” ಎಂದೆ.

ಇಲ್ಲಿ ನಿಮಗೆ ಒಂದು ಗುಟ್ಟು ಹೇಳಬೇಕು. ನನ್ನ ಕಣ್ಣು ಒಂದು ವರ್ಷದಿಂದ ಮಬ್ಬಾಗಿತ್ತು. ಹೊಗೆ ಕವಿದ ಲಾಂದ್ರದ ಗಾಜಿನೊಳಗಿಂದ ನೋಡಿದಂತೆ ಎಲ್ಲ ಹಳದಿ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು.

ನಮ್ಮದು ಕುಣಿ ಮಗ್ಗ, ನೇಯುವವನು ನೆಲದ ಗುಂಡಿಯಲ್ಲಿ ಕಾಲಿಳಿಸಿ ಕೂರುತ್ತಾನೆ. ಉದ್ದಕ್ಕೆ ಹೂಡಿದ ನೂಲು, ಅಂದರೆ ಒಂದು ಹಾಸು, ಮುಗಿಯುತ್ತಿದ್ದಂತೆ ಅದರ ತುದಿಗಳಿಗೆ ಹೊಸ ಹಾಸಿನ ಒಂದೊಂದು ಎಳೆಯನ್ನೂ ಕೈಯಿಂದ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ. ಇದಕ್ಕೆ ಕೆಚ್ಚುವುದು ಎನ್ನುತ್ತೇವೆ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅದು ನನ್ನ ಕೆಲಸ. ಮಗ್ಗದ ಮುಂದೆ ನಾನು ಕೂತರೆ ಮಗ ನನ್ನನ್ನು ದಾಟಿ ಹೋಗುವಾಗ ಪಂಜೆ ಎತ್ತಿಕೊಂಡು ಹುಷಾರಾಗಿ ಹೋಗುತ್ತಾನೆ. ಅಷ್ಟು ಮರ್ಯಾದೆ ನನಗೆ ಬೇರೆಲ್ಲೂ ಇಲ್ಲ. ಕೈಗೆ ರೂಢಿಯಾದ ಮೇಲೆ ಎಳೆ ಹೊಸೆಯಲು ಕಣ್ಣು ಬೇಕಿಲ್ಲ. ಬಣ್ಣಕ್ಕೆ ಮಾತ್ರ ಬೇಕು. ನಮ್ಮದು ಚೌಕಡಿ ಸೀರೆ. ಕಪ್ಪು ಎಳೆಗೆ ಕಡುಗೆಂಪು ಕೂಡಿಸಿದರೆ ಚೌಕ ಕೆಟ್ಟು ಹೋಗುತ್ತದೆ. ನನ್ನ ಕಣ್ಣಿಗೆ ಆಗ ಕಪ್ಪು, ಕಡುಗೆಂಪು ಎರಡೂ ಅವಳಿ ಜವಳಿ. ಹಾಸಿನಲ್ಲಿ ಬಣ್ಣ ಬರುವ ಕ್ರಮ ಬಾಯಿಪಾಠ ಇತ್ತು, ಅದನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ಹೊಸೆಯುತ್ತಿದ್ದೆ. ಒಂದು ತಪ್ಪೂ ಆಗಿಲ್ಲ ಎಂದು ನನ್ನ ಎದೆ ಉಬ್ಬಿತ್ತು.

ನಮ್ಮ ಓಣಿಯ ಈಶ್ವರಮ್ಮ ಕಣ್ಣು ಕಾಣುವುದಿಲ್ಲ ಎಂದು ಮನೆಯವರ ಮುಂದೆ ಬಾಯಿಬಿಟ್ಟು ಕೆಟ್ಟಳು. ಮರುದಿನವೇ ಮಗ್ಗದ ಕೋಣೆಯಿಂದ ಆಕೆಯನ್ನು ಎಬ್ಬಿಸಿ ಕಟ್ಟೆಯ ಮೇಲೆ ಕೂರಿಸಿದರು. ಬೇಜಾರಾಗಬಾರದು ಎಂದು ಮೊರದಲ್ಲಿ ತೊಗರಿಬೇಳೆ ಹಾಕಿ ಹಸನು ಮಾಡಲು ಕೊಟ್ಟರು. ಸೊಸೆ ಅದನ್ನು ಮೊದಲೇ ಹಸನು ಮಾಡಿರುತ್ತಿದ್ದಳು. ಈಶ್ವರಮ್ಮ ಹಸನು ಮಾಡಿದ ಬೇಳೆಯನ್ನು ದಿನವಿಡೀ ಹಸನು ಮಾಡಿ ಸಂಜೆಗೆ ವಾಪಸ್ಸು ಕೊಡುತ್ತಿದ್ದಳು. ನಾನು ಸತ್ತರೂ ಆ ಮೊರ ಹಿಡಿಯುವುದಿಲ್ಲ ಎಂದು ಆಗಲೇ ನಿಶ್ಚಯ ಮಾಡಿದ್ದೆ.

ಇಂಥ ಹೊತ್ತಿನಲ್ಲಿ ಈ ಕ್ಯಾಲೆಂಡರು ಬಂದು ನನಗೆ ತಿಂಗಳಿಗೊಂದು ಪರೀಕ್ಷೆ ಇಟ್ಟಿತು. ನಮ್ಮ ಕಡೆ ತಾಯಿಗೆ ಅವ್ವ, ಅಜ್ಜಿಗೆ ಅಮ್ಮ. ಒಂದನೇ ತಾರೀಖು ಬಂತೆಂದರೆ ರೂಪಾ ಹಾಳೆ ತಿರುವಿ, ಅಮ್ಮ ಹೆಂಗೈತಿ ಹೇಳು, ಎಂದು ನನ್ನನ್ನು ಎಳೆದು ತಂದು ನಿಲ್ಲಿಸುತ್ತಿದ್ದಳು. ನಾನು ಒಂದು ಉಪಾಯ ಕಂಡುಕೊಂಡೆ. ಇದು ಯಾವ ಪ್ರಾಣಿ ಎಂದು ಹೇಳಬಾರದು, ಬೈಯಬೇಕು. ಫೆಬ್ರವರಿಗೆ, ಮುಖದಾಗ ಕಳಾ ಇಲ್ಲ ಬಿಡು ಎಂದೆ. ಅದು ಕೋತಿಯಾಗಿತ್ತು, ಸರಿಹೋಯಿತು. ಮಾರ್ಚಿಗೆ, ಹಾಳೆಯೆಲ್ಲ ಬಿಟ್ಟು ಒಂದು ಮೂಲೆಗೆ ಕೂಡಿಸ್ಯಾರಲ್ಲ, ಏನು ದಂಡ ಕೊಟ್ಟಾರ ಇದಕ್ಕ ಎಂದೆ. ಹಿಮದ ಕೊಂಬೆಯ ಮೇಲೆ ಒಂಟಿ ಕಾಗೆ, ಅದೂ ಸರಿಹೋಯಿತು. ಏಪ್ರಿಲ್ಲಿಗೆ ಧೈರ್ಯ ಹೆಚ್ಚಾಗಿ, ಇದಕ್ಕ ಸರಿಯಾಗಿ ಮೇವು ಹಾಕಿಲ್ಲ, ಪಕ್ಕೆಲುಬು ಕಾಣ್ತಾವ ಎಂದುಬಿಟ್ಟೆ. ಅದು ಮೀನು. ರೂಪಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಮ್ಮಮ್ಮ ಎಂಥ ಚೇಷ್ಟೆಯವಳು ಎಂದು ಗೆಳತಿಯರಿಗೆಲ್ಲ ಫೋನು ಮಾಡಿ ಹೇಳಿದಳು. ಕುರುಡುತನಕ್ಕೆ ಹಾಸ್ಯ ಎಂದು ಹೆಸರು ಬಂದರೆ ಬೇಡ ಎನ್ನುವ ಮೂರ್ಖಳು ನಾನಲ್ಲ. ಮೇ ತಿಂಗಳು ಕರೀ ಆಕಳಿನಲ್ಲಿ ಹೀಗೇ ಕಳೆಯಿತು.

ನಾನು ಸಿಕ್ಕಿಬಿದ್ದದ್ದು ಜೂನಿನಲ್ಲಿ, ಕುದುರೆಯ ಹಾಳೆಯಲ್ಲಿ. ಅದರಲ್ಲೂ ತಮಾಷೆ ಎಂದರೆ, ಅಷ್ಟು ತಿಂಗಳು ಸುಳ್ಳು ಹೇಳಿದಾಗ ಯಾರೂ ಹಿಡಿಯಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಾಗ ಹಿಡಿದರು.

ರೂಪಾ ಪರೀಕ್ಷೆಗೆಂದು ಮಹಬೂಬನಗರಕ್ಕೆ ಹೋಗಿದ್ದಳು. ಹಾಳೆ ತಿರುವಿದ್ದು ಮಾದೇವಿ. ಕುದುರೆ ದೊಡ್ಡದಿತ್ತು, ಕತ್ತು, ಜೂಲು, ಬೆನ್ನು ಮಬ್ಬಿನಲ್ಲೂ ನನಗೆ ಕಂಡವು. ಹತ್ತಿರ ಹೋಗಿ ಮೂಗು ಹಚ್ಚಿ ನೋಡಿದೆ. ಹೊಟ್ಟೆಯಿಂದ ಕೆಳಗೆ ಏನೂ ಇರಲಿಲ್ಲ. ಗುರುತು ಸಿಕ್ಕ ಸಂತೋಷದಲ್ಲಿ ಉಪಾಯ ಮರೆತು, ಈ ಕುದುರೆಗೆ ಕಾಲೇ ಇಲ್ಲವಲ್ಲ ಎಂದು ಜೋರಾಗಿ ಹೇಳಿದೆ. ನಾಗಪ್ಪ ಮಗ್ಗದ ಕುಣಿಯಲ್ಲಿ ಲಾಳಿ ಎಸೆಯುತ್ತಿದ್ದವನು ನಿಲ್ಲಿಸಿದ.

“ಅವ್ವ, ಕುದುರಿ ಕಾಲ ಕಾಣವಲ್ಲವಾ ನಿನಗ?” ಎಂದ.

“ಇದ್ರ ಕಾಣತಿದ್ವು. ಇಲ್ಲ.”

“ಯಾವ ಊರಾಗ ಕಾಲಿಲ್ಲದ ಕುದುರಿ ಬರೀತಾರವ್ವ?”

ಅವನು ಕುಣಿಯಿಂದ ಎದ್ದು ಬಂದು ನೋಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕುದುರೆ ಎಂದ ಮೇಲೆ ಕಾಲು ಇದ್ದೇ ಇರುತ್ತದೆ, ಅದಕ್ಕೆ ಎದ್ದು ಬಂದು ನೋಡುವುದೇನು? ಅವನ ಅಪ್ಪನೂ ಹಾಗೇ ಇದ್ದ, ಕೂತಲ್ಲೇ ಎಲ್ಲ ಗೊತ್ತಿತ್ತು. ನಾನು ಮಾದೇವಿಯ ಕಡೆ ನೋಡಿದೆ. ಅವಳು ಕ್ಯಾಲೆಂಡರಿನ ಮುಂದೆಯೇ ನಿಂತಿದ್ದಳು. ಸೆರಗು ಸರಿಮಾಡಿಕೊಂಡು, ರಾಯಚೂರಿಗೆ ಮುಂಜಾನೆ ಬಸ್ಸು ಎಷ್ಟಕ್ಕಿದೆ ಎಂದು ಗಂಡನನ್ನು ಕೇಳಿದಳು.

ರಾಯಚೂರಿನ ಕಣ್ಣಿನ ದವಾಖಾನೆಯಲ್ಲಿ ನನ್ನಂಥ ಮುದುಕಿಯರು ಸಾಲುಸಾಲಾಗಿ ಕೂತಿದ್ದರು. ಗೋಡೆಯ ಮೇಲಿನ ಅಕ್ಷರ ಓದಿಸುತ್ತಾರೆ ಎಂದು ತಿಳಿಯುತ್ತಲೇ ನಾನು ಬಾಗಿಲ ಹತ್ತಿರದ ಕುರ್ಚಿ ಹಿಡಿದೆ. ಒಳಗೆ ಓದುತ್ತಿದ್ದವರ ಉತ್ತರ ಕೇಳಿಸಿಕೊಂಡು ಮೇಲಿಂದ ಕೆಳಗಿನ ತನಕ ಬಾಯಿಪಾಠ ಮಾಡಿದೆ. ಹಾಸಿನ ಬಣ್ಣ ಬಾಯಿಪಾಠ ಮಾಡಿದವಳಿಗೆ ಇದೇನು ದೊಡ್ಡದು. ನನ್ನ ಸರದಿ ಬಂದಾಗ ಪಟಪಟ ಹೇಳಿದೆ. ಡಾಕ್ಟರು ನನ್ನ ಮೊಮ್ಮಗನ ವಯಸ್ಸಿನವನು. ಬಹಳ ಚೆಂದ ಓದಿದಿರಿ ಅಜ್ಜಿ, ಆದರೆ ನಾನು ಇನ್ನೂ ದೀಪ ಹಾಕಿಲ್ಲ, ಎಂದ.

ಪೊರೆ ಬಲಿತಿತ್ತು. ಬಲಗಣ್ಣು ಮೊದಲು ಮಾಡೋಣ ಎಂದರು. ಕಣ್ಣಿಗೆ ಚಾಕು ಹಾಕುವಾಗ ಯಾವ ದೇವರನ್ನು ನೆನೆಯಲಿ ಎಂದು ಹುಡುಕಿದೆ. ಸಿಟ್ಟಿನಲ್ಲಿ ಆ ಕುದುರೆಯೇ ಕಣ್ಣ ಮುಂದೆ ಬಂತು, ಆಯಿತು ಎಂದು ಅದನ್ನೇ ಬೈಯುತ್ತಾ ಮಲಗಿದೆ. ಬೈದದ್ದಕ್ಕೋ ಏನೋ ಬೇಗ ಮುಗಿಯಿತು.

ಪಟ್ಟಿ ಬಿಚ್ಚಿ, ಕರಿ ಕನ್ನಡಕ ಹಾಕಿಕೊಂಡು, ಹನಿ ಔಷಧದ ದಿನಗಳನ್ನು ಕಳೆದು ಒಂದು ಬೆಳಿಗ್ಗೆ ಆ ಕ್ಯಾಲೆಂಡರಿನ ಮುಂದೆ ನಿಂತೆ. ಮೊದಲು ಆದದ್ದು ಮೋಸ. ಇಷ್ಟು ದಿನ ಅವರು ಪ್ರಾಣಿಗಳ ಹಿಂದೆ ಬಂಗಾರದ ಬಣ್ಣ ಬಳಿದಿದ್ದಾರೆ, ಜರಿಯ ಸೆರಗಿನಂತಿದೆ, ಜಪಾನಿನವರು ಭಾರಿ ಶ್ರೀಮಂತರು ಎಂದುಕೊಂಡಿದ್ದೆ. ನೋಡಿದರೆ ಅದು ಬರೀ ಬಿಳಿ ಕಾಗದ. ಬಂಗಾರ ನನ್ನ ಪೊರೆಯದು. ಅದನ್ನು ರಾಯಚೂರಿನಲ್ಲಿ ತೆಗೆದು ಬಿಸಾಕಿದ್ದರು.

ಹಿಂದಿನ ಹಾಳೆಗಳನ್ನೂ ತಿರುವಿ ನೋಡಿದೆ. ಕೋತಿಯ ಮೈಮೇಲಿನ ಕೂದಲು ಒಂದೊಂದೂ ಬೇರೆ. ಯಾವನೋ ಪುಣ್ಯಾತ್ಮ ಅವುಗಳನ್ನು ಒಂದೊಂದಾಗಿ ಕುಂಚದಿಂದ ಎಳೆದಿದ್ದಾನೆ. ನಾವು ಎಳೆ ಕೆಚ್ಚುತ್ತೇವೆ, ಕೊನೆಗೆ ಉಡಲು ಒಂದು ಸೀರೆಯಾದರೂ ಬರುತ್ತದೆ; ಇವನಿಗೆ ಇಷ್ಟೆಲ್ಲ ಮಾಡಿ ಒಂದು ಕೋತಿ ಬಂತು. ಆದರೂ ಬಹಳ ಹೊತ್ತು ನೋಡಿದೆ. ಮುಟ್ಟಿದರೆ ಬೆಚ್ಚಗಿದ್ದೀತು ಎನ್ನಿಸುವಂತಿತ್ತು. ಬೆಕ್ಕಿನ ಹಣೆಯ ಮೇಲೆ ನಾನು ಹಚ್ಚಿದ ಕುಂಕುಮ ಹಾಗೇ ಇತ್ತು. ಅದೂ ಹಣೆಗೆ ಬಿದ್ದಿರಲಿಲ್ಲ, ಕಿವಿಗೆ ಬಿದ್ದಿತ್ತು.

ನಮ್ಮ ಸೀರೆಯ ಅಂಚಿನಲ್ಲೂ ಪ್ರಾಣಿಗಳಿವೆ. ಹಂಸ, ನವಿಲು, ಆನೆ. ಎಲ್ಲವೂ ಜೋಡಿ ಜೋಡಿ, ಬೀಗರಂತೆ ಎದುರುಬದುರು ನಿಂತು ಯಾರು ಮೊದಲು ಮಾತಾಡಬೇಕು ಎಂದು ಕಾಯುತ್ತಿರುತ್ತವೆ. ಗದ್ವಾಲದ ಸೀರೆ ನೋಡಿ, ಅದರ ಹಂಸಗಳಿಗೆ ನಿಂತಲ್ಲಿ ಬೇಜಾರು ಎನ್ನುವುದೇ ಇಲ್ಲ. ಜಪಾನಿನ ಪ್ರಾಣಿಗಳಿಗೆ ಬೀಗರಿಲ್ಲ. ಒಂದೊಂದು ಹಾಳೆಯಲ್ಲಿ ಒಂದೊಂದೇ. ಆಕಳನ್ನು ಯಾರೂ ಕರೆಯುತ್ತಿಲ್ಲ, ಕಾಗೆಗೆ ಯಾರ ಪಿಂಡವನ್ನೂ ಮುಟ್ಟುವ ಜವಾಬ್ದಾರಿ ಇಲ್ಲ. ಯಾವ ದೇವರೂ ಅವುಗಳ ಬೆನ್ನ ಮೇಲೆ ಹತ್ತಿ ಕೂತಿಲ್ಲ. ಇಲ್ಲಿ ನಮ್ಮ ಇಲಿಗೂ ಬಿಡುವಿಲ್ಲ, ಅಷ್ಟು ದಪ್ಪ ಗಣಪತಿಯನ್ನು ಹೊರಬೇಕು. ಅಲ್ಲಿ ಅವು ಸುಮ್ಮನೆ ಇರುತ್ತವೆ, ಅದನ್ನೇ ಬರೆದು ತೂಗುಹಾಕುತ್ತಾರೆ. ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಕೊನೆಗೆ ಕುದುರೆ. ಹೊಸ ಕಣ್ಣಿನಿಂದ ನೋಡಿದೆ. ಕತ್ತಿನ ನರ ಕಂಡಿತು, ಕಿವಿಯೊಳಗಿನ ಕೂದಲು ಕಂಡಿತು. ಕಾಲು ಇರಲಿಲ್ಲ. ಹೊಟ್ಟೆಯ ಕೆಳಗೆ ಬಣ್ಣ ತೆಳುವಾಗುತ್ತಾ ಹೋಗಿ ಬರೀ ಕಾಗದ ಉಳಿದಿತ್ತು. ನಾನು ಕೂಗಿದ ಕೂಗಿಗೆ ಎಲ್ಲರೂ ಓಡಿ ಬಂದರು. ಪರೀಕ್ಷೆ ಮುಗಿಸಿ ಬಂದಿದ್ದ ರೂಪಾ ನೋಡಿ, ಅದು ಮಂಜು ಅಮ್ಮ, ಮಂಜಿನಲ್ಲಿ ಕಾಲು ಮುಚ್ಚಿವೆ, ಅವರು ಹಾಗೆ ಬೇಕಂತಲೇ ಬಿಡುತ್ತಾರೆ ಎಂದಳು. ನಾಗಪ್ಪ ಈಗ ಹತ್ತಿರ ಬಂದು ನೋಡಿದ. ಆಮೇಲೆ ನನ್ನ ಮುಖ ಬಿಟ್ಟು ಬೇರೆ ಎಲ್ಲ ಕಡೆ ನೋಡಿದ. ಒಬ್ಬ ಜಪಾನಿನವನು ಬಣ್ಣ ಉಳಿಸಿದ್ದಕ್ಕೆ ನನ್ನ ಕಣ್ಣು ಕೊಯ್ಯಿಸಿದ್ದೀರಿ ಎಂದು ನಾನು ಮನೆ ತಲೆಮೇಲೆ ಹೊತ್ತೆ. ಮಾದೇವಿ ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು, ಹಿಟ್ಟಿನ ಕೈಯಲ್ಲೇ ಬಂದಳು.

“ಕುದುರಿಗೆ ಕಾಲಿಲ್ಲ ಅಂತ ನನಗ ಗೊತ್ತಿತ್ರಿ ಅತ್ತಿ. ನಿಮಗ ಕಣ್ಣಿಲ್ಲ ಅಂತನೂ ಗೊತ್ತಿತ್ತು. ಎರಡರಾಗ ಯಾವುದು ದುರಸ್ತಿ ಆಗತೈತಿ ಅದನ್ನ ಮಾಡಿಸಿದ್ನಿ.”

ಯಾವಾಗಿನಿಂದ ಗೊತ್ತು ಎಂದು ಕೇಳಿದೆ. ಬೆಕ್ಕಿನ ತಿಂಗಳಿನಿಂದ ಎಂದಳು. ಅಂದಿನಿಂದ ನಾನು ಕೆಚ್ಚಿ ಎದ್ದು ಹೋದ ಮೇಲೆ, ನಾಗಪ್ಪ ಚಹಾ ಕುಡಿಯಲು ಹೊರಗೆ ಹೋದ ಹೊತ್ತು ನೋಡಿ, ಕಪ್ಪಿಗೆ ಕಡುಗೆಂಪು ಕೂಡಿದ್ದನ್ನೆಲ್ಲ ಬಿಚ್ಚಿ ಮತ್ತೆ ಹೊಸೆಯುತ್ತಿದ್ದಳಂತೆ. ಅಂದರೆ ನನ್ನ ಬಾಯಿಪಾಠ, ನನ್ನ ಉಬ್ಬಿದ ಎದೆ, ಎಲ್ಲ ಅವಳ ಕೈಯಲ್ಲಿತ್ತು. ಈಶ್ವರಮ್ಮನ ಬೇಳೆಯನ್ನೇ ನಾನೂ ಹಸನು ಮಾಡುತ್ತಿದ್ದೆ, ಮೊರ ಮಾತ್ರ ಇರಲಿಲ್ಲ. ಬೈಯಲು ಬಾಯಿ ತೆರೆದೆ. ಒಲೆಯ ಮೇಲೆ ಸೀಯುತ್ತಿದ್ದ ರೊಟ್ಟಿಯನ್ನು ಬೈದು ಮುಗಿಸಿದೆ.

ನಾಗಪ್ಪನಿಗೆ ಇದು ಒಳ್ಳೆಯ ಸಂದರ್ಭವಾಯಿತು. ಇನ್ನು ಸಾಕು, ಅವ್ವ ಆರಾಮ ಇರಲಿ, ಹಾಸು ಮಾದೇವಿಯೇ ಕೆಚ್ಚಲಿ ಎಂದು ತೀರ್ಪು ಕೊಟ್ಟ. ನಾನು ಹೆದರಿದ್ದು ಇದೊಂದಕ್ಕೇ. ಕಣ್ಣು ಬಂದ ಮೇಲೆ ಜಾಗ ಹೋಯಿತಲ್ಲ ಎಂದು ನಿಂತೆ. ಆದರೆ ನನಗಿಂತ ಮೊದಲು ಮಾದೇವಿಯೇ ಒಲ್ಲೆ ಎಂದಳು. ಅಡುಗೆ ಯಾರು ಮಾಡುತ್ತಾರೆ, ಲಾಳಿಯ ಕಂಡಿಕೆಗೆ ನೂಲು ಯಾರು ಸುತ್ತುತ್ತಾರೆ, ಅತ್ತೆಯ ಕಣ್ಣಿಗೆ ಇಷ್ಟು ಖರ್ಚು ಮಾಡಿಸಿ ಕಟ್ಟೆಯ ಮೇಲೆ ಕೂರಿಸುವುದಕ್ಕೇನು ಎಂದು ಗಂಡನಿಗೆ ಜೋರು ಮಾಡಿದಳು. ಅವನು ಕುಣಿಗೆ ಇಳಿದ. ನಮ್ಮ ಮನೆಯಲ್ಲಿ ಗಂಡಸು ಕುಣಿಗೆ ಇಳಿದನೆಂದರೆ ಮಾತು ಮುಗಿಯಿತು ಎಂದರ್ಥ. ಇಷ್ಟು ವರ್ಷ ನನ್ನ ಜೊತೆ ಉಪ್ಪು ಖಾರಕ್ಕೆಲ್ಲ ಜಗಳ ಮಾಡಿದವಳು ಈಗ ಯಾಕೆ ನನ್ನ ಪರ ನಿಂತಳು ಎಂದು ನನಗೆ ತಲೆ ಕೆಟ್ಟುಹೋಯಿತು. ಪ್ರೀತಿ ಇರಬಹುದು ಎಂದು ಒಂದು ಗಳಿಗೆ ಅನುಮಾನಪಟ್ಟೆ, ಆಮೇಲೆ ಬಿಟ್ಟೆ.

ಹತ್ತಿರದ ಕೆಲಸಕ್ಕೆಂದು ದವಾಖಾನೆಯವರು ಒಂದು ಕನ್ನಡಕ ಕೊಟ್ಟಿದ್ದರು. ಮುಂದಿನ ಹಾಸು ಕೆಚ್ಚಲು ಅದನ್ನು ಹಾಕಿಕೊಂಡು ಕೂತೆ. ಹಾಸು ಅಗಲ ಇತ್ತು, ಬೇಗ ಮುಗಿಯಬೇಕಿತ್ತು, ಹೀಗಾಗಿ ಆ ಬೆಳಿಗ್ಗೆ ಮಾದೇವಿಯೂ ಇನ್ನೊಂದು ತುದಿಗೆ ಕೂತಳು. ಜಾರಬಾರದೆಂದು ಇಬ್ಬರೂ ಬೆರಳಿಗೆ ಒಲೆಯ ಬೂದಿ ಹಚ್ಚಿಕೊಂಡೆವು. ನಾನು ಕಪ್ಪು ಮುಗಿಸಿ ಕೆಂಪಿಗೆ ಬಂದು, ಕೆಂಪು ಮುಗಿಸಿ ಮತ್ತೆ ಕಪ್ಪಿಗೆ ಬಂದೆ. ತಲೆ ಎತ್ತಿ ನೋಡಿದರೆ ಅವಳು ಇನ್ನೂ ಶುರುವಿನಲ್ಲೇ ಇದ್ದಾಳೆ. ಎಳೆಯನ್ನು ಮಾರುದ್ದ ಕೈ ಚಾಚಿ ಹಿಡಿದು, ತಲೆಯನ್ನು ಹಾವು ಕಂಡವಳಂತೆ ಹಿಂದಕ್ಕೆಳೆದುಕೊಂಡು, ಕಣ್ಣು ಕಿರಿದು ಮಾಡಿ, ಎರಡು ತುದಿ ಕೂಡಿಸಲು ಹೋಗಿ ತಪ್ಪಿ, ಮತ್ತೆ ಚಾಚುತ್ತಿದ್ದಾಳೆ. ನಾನು ನೋಡಿದ್ದು ಕಂಡು ಕೈ ಕೆಳಗಿಳಿಸಿದಳು.

“ಕೈ ಯಾಕೋ ತಣ್ಣಗಾಗ್ಯಾವ್ರಿ ಅತ್ತಿ,” ಎಂದಳು.

ನಾರಾಯಣಪೇಟೆಯ ಆ ಸೆಕೆಯಲ್ಲಿ ನನ್ನ ರವಿಕೆ ಬೆನ್ನಿಗೆ ಅಂಟಿತ್ತು. ಹಾಸು ಒಲ್ಲೆ ಎಂದದ್ದು ಯಾಕೆಂದು ಈಗ ತಿಳಿಯಿತು; ಈ ಕಣ್ಣಿನಲ್ಲೇ ಅವಳು ನನ್ನ ತಪ್ಪುಗಳನ್ನು ತಡಕಾಡಿ ಬಿಚ್ಚಿ ಹೊಸೆದಿದ್ದಳು. ಕುಣಿಯಲ್ಲಿ ನಾಗಪ್ಪ ಇದ್ದಿದ್ದರೂ ಇದನ್ನು ಎದ್ದು ಬಂದು ನೋಡುತ್ತಿರಲಿಲ್ಲ. ಕನ್ನಡಕ ತೆಗೆದು ಮಗ್ಗದ ಅಡ್ಡಮರದ ಮೇಲೆ, ಅವಳ ಕೈಗೆ ಸಿಗುವ ಹಾಗೆ ಇಟ್ಟೆ. ಹೊರಗೆ ಧೂಳಿದೆ, ಇದು ಇಲ್ಲೇ ಇರಲಿ ಎಂದು ಹೇಳಿ ಚಹಾಕ್ಕೆ ಎದ್ದೆ. ಕಟ್ಟೆಯ ಮೇಲೆ ಕೂತು ಒಂದು ಲೋಟ ಕುಡಿದೆ. ಈಶ್ವರಮ್ಮನನ್ನು ಮಾತಾಡಿಸಿದೆ. ಬೇಡದಿದ್ದರೂ ಇನ್ನೊಂದು ಲೋಟ ಕುಡಿದೆ.

ಒಳಗೆ ಬಂದಾಗ ಅವಳ ಕಡೆಯ ಕೆಂಪು ಮುಗಿದು ಕಪ್ಪು ನಡೆದಿತ್ತು. ಕನ್ನಡಕ ನಾನಿಟ್ಟಲ್ಲೇ ಇತ್ತು. ಅದರ ಗಾಜಿನ ಮೇಲೆ ಬೂದಿಯ ಬೆರಳಚ್ಚು ಮೂಡಿತ್ತು. ನನ್ನ ಬೆರಳು ಅಷ್ಟು ದಪ್ಪ ಇಲ್ಲ.